ಪಡಸಾಲೆಗೆ ತಂದು ತೋರಿಸಿದ ಅರಿವೆ

“ಹೆಣ್ಣಮಗಳು ಒಳ್ಳೆಯಾಕಿ, ಖರೆ. ಆದರ ಆ ಕೂಸಿಗೆ ಎಣ್ಣಿ ಹಾಕಬ್ಯಾಡ್ರಿ ಅಂದಾಕಿ ಆಕೀನ. ಔಡಲೆಣ್ಣಿ ಬಿದ್ದಿದ್ರ ಹೊಟ್ಟ್ಯಾಗಿನ ಕರಿ ಹೊಲಸ ಇಳದ ಹೋಗತಿತ್ತು. ಬೀಳಲಿಲ್ಲ, ಕರಳ ಕಟ್ಟಿತು. ಬೆಳಗಾವಿಗೆ ಒಯ್ದು ಹೊಟ್ಟಿ ಕೊಯ್ಸಬೇಕಾತು.”

ಈ ಮಾತು ನಮ್ಮೂರಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಹೀಗೆಯೇ, ಒಂದು ಶಬ್ದವೂ ಅಲುಗದೆ ನಡೆದುಬಂದಿದೆ. ಅಲುಗದೆ ಉಳಿದ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಕಣ್ಣಾರೆ ಕಂಡವರು ಹೇಳುವಾಗ ತಡವರಿಸುತ್ತಾರೆ, ಮರೆಯುತ್ತಾರೆ, ಹಿಂದೆ ಹೋಗಿ ತಿದ್ದಿಕೊಳ್ಳುತ್ತಾರೆ. ಸರಾಗವಾಗಿ ಹೇಳುವವರು ಸಾಮಾನ್ಯವಾಗಿ ಕೇಳಿ ತಿಳಿದವರು.

ಮೊನ್ನೆ ಗೋಕಾಕದಲ್ಲಿ ಆ ಹೆಣ್ಣುಮಗಳು ತೀರಿದ ಮೇಲಿನ ಪುಣ್ಯಾನುಮೋದನೆ ನಡೆಯಿತು. ಬುದ್ಧನ ಪಟದ ಕೆಳಗೆ ಆಕೆಯ ಫೋಟೋ ಇಟ್ಟು ಮೇಣದಬತ್ತಿ ಹಚ್ಚಿದ್ದರು. ನಾನು ಕೈಮುಗಿದು ಹೊರಗೆ ಬಂದೆ. ಅಳು ಬರಲಿಲ್ಲ; ಬರಬಹುದೆಂದು ಸ್ವಲ್ಪ ಹೊತ್ತು ಕಾದೆ, ಆಗಲೂ ಬರಲಿಲ್ಲ. ಅಂಗಳದಲ್ಲಿ ಹಾಕಿದ್ದ ಕುರ್ಚಿಯಲ್ಲಿ ನಮ್ಮೂರ ಕಿರಾಣಿ ಅಂಗಡಿಯವರು ಚಹದ ಕಪ್ಪು ಹಿಡಿದು ಕೂತು ಮೇಲಿನ ಮಾತನ್ನು ಬಾಜೂದವರಿಗೆ ಹೇಳುತ್ತಿದ್ದರು. ನನ್ನನ್ನು ಕಂಡು ನನಗೂ ಹೇಳಿದರು. ಮುಂದುವರಿದು, ತಮ್ಮ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆಂದೂ ಗಾಣದ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತರಿಸಿ ಇಟ್ಟಾಗಿದೆಯೆಂದೂ ತಿಳಿಸಿದರು.

“ಈಗ ಹಡಿಯೂದು ದವಾಖಾನ್ಯಾಗ. ಅವರು ಬ್ಯಾಡ ಅಂತಾರ, ಅನ್ನಲಿ. ಮನಿಗಿ ಬಂದ ಮ್ಯಾಲ ನಮ್ಮ ಕೈಯಾಗೈತಲ್ರಿ. ಆ ಕೂಸಿನ ಗತಿ ನಮ್ಮ ಕೂಸಿಗಿ ಬರಬಾರದು ನೋಡ್ರಿ ಕಾಕಾ.”

ಆಕೆ ಸತ್ತಾಗಿದೆ. ಯಾರು ಏನಂದರೂ ಇನ್ನು ಆಕೆಗೆ ಬಾಧೆಯಿಲ್ಲ. ಆದರೆ ಆ ಮಾತು ಸತ್ತಿಲ್ಲ. ಅದು ಈಗ ಇನ್ನೂ ಹುಟ್ಟದ ಒಂದು ಕೂಸಿನ ಬಾಯಿಯ ಕಡೆಗೆ ಹೊರಟಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಆಕೆಯ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಆಕೆ ನರ್ಸಬಾಯಿ. ಹುಟ್ಟಿದ್ದು ಮೂಡಲಗಿಯ ಕಡೆ, ಕಬ್ಬು ಕಡಿಯುವ ಕೂಲಿಯವರ ಮನೆಯಲ್ಲಿ. ದುಡಿದದ್ದು ಹುಕ್ಕೇರಿ ತಾಲೂಕಿನಲ್ಲಿ, ಘೋಡಗೇರಿಯಿಂದ ಆಚೆಗಿರುವ ನಮ್ಮ ಊರಿನ ಆರೋಗ್ಯ ಉಪಕೇಂದ್ರದಲ್ಲಿ. ನಿವೃತ್ತಿಯಾದ ಮೇಲೆ ಗೋಕಾಕದಲ್ಲಿ ಮಗನ ಮನೆಯಲ್ಲಿದ್ದಳು. ಜೀವನಚರಿತ್ರೆ ಇಷ್ಟು ಸಾಕು.

ವಿನಯ ಆಕೆಯ ಗುಣವಲ್ಲ. “ಬಾಯಿ ಅನಬ್ಯಾಡ್ರಿ, ಸಿಸ್ಟರ್ ಅನ್ರಿ” ಎಂದು ವರ್ಷಗಟ್ಟಲೆ ತಿದ್ದಿದಳು, ಯಾರೂ ತಿದ್ದಿಕೊಳ್ಳಲಿಲ್ಲ. ಇಸ್ತ್ರಿ ಮುರಿದ ಸೀರೆಯಲ್ಲಿ ಆಕೆಯನ್ನು ಕಂಡವರಿಲ್ಲ. ವಾದಕ್ಕೆ ನಿಂತರೆ ಬಿಡುತ್ತಿರಲಿಲ್ಲ, ಸೋತರೂ ಒಪ್ಪುತ್ತಿರಲಿಲ್ಲ. ಬದನೆಕಾಯಿ ತಿಂದರೆ ಗಾಯ ಕೆರೆಯುತ್ತದೆ ಎಂದು ಕೊನೆಯವರೆಗೂ ನಂಬಿದ್ದಳು. ಅದಕ್ಕೆ ಸಾಕ್ಷಿಯೇನು ಎಂದು ನಾನು ಕೇಳಿದರೆ, “ನಮ್ಮವ್ವ ಹೇಳ್ಯಾಳ. ನಿಮ್ಮ ಪುಸ್ತಕ ನಮ್ಮವ್ವಗಿಂತ ದೊಡ್ಡದೇನ್ರಿ ಕಾಕಾ?” ಎನ್ನುತ್ತಿದ್ದಳು. ಗೋಕಾಕದಲ್ಲಿ ಮನೆ ಮಾಡಿದ ಮೇಲೂ ಕರದಂಟು ಮುಟ್ಟಲಿಲ್ಲ. ಸಿಹಿ ಕಂಡರೆ ಮುಖ ಕಿವುಚುತ್ತಿದ್ದಳು. ಮಿರ್ಚಿ ಭಜಿ ಎಷ್ಟಿದ್ದರೂ ಬೇಕು.

ಒಂದು ಹಾವಭಾವ ಮಾತ್ರ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಯಾವ ಮನೆಗೆ ಹೋದರೂ ಮೊದಲು ಕೈಗೆ ನೀರು ಕೇಳುತ್ತಿದ್ದಳು. ಆಕೆಯ ಜಾತಿ ತಿಳಿದ ಮನೆಗಳಲ್ಲಿ ತಂಬಿಗೆಯನ್ನು ಕೈಗೆ ಕೊಡದೆ ಮೇಲಿನಿಂದ ಸುರಿಯುತ್ತಿದ್ದರು. ಆಕೆ ಮೊಣಕೈವರೆಗೆ ತೊಳೆದುಕೊಂಡು, ಒರೆಸಿಕೊಳ್ಳದೆ, ಎರಡೂ ಕೈ ಮುಂದಕ್ಕೆತ್ತಿ ಗಾಳಿಗೆ ಆರಿಸುತ್ತ ನಿಲ್ಲುತ್ತಿದ್ದಳು. ಕೈ ಆರುವವರೆಗೆ ಯಾರೊಂದಿಗೂ ಮಾತಿಲ್ಲ. ನೀರು ಸುರಿದವರೇ ಮುಜುಗರಪಟ್ಟು ಒಳಗೆ ಹೋಗುತ್ತಿದ್ದರು.

ಆಕೆಯ ಇನ್ನೊಂದು ರೂಢಿ ಊರಿಗೆಲ್ಲ ನಗೆಪಾಟಲಾಗಿತ್ತು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಆಕೆ ಕೇಳುವ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದಲ್ಲ. ಒಮ್ಮೆ ಸಾಲೆಯ ಹಿರಿಯ ಗುರುಗಳು ನಾಲ್ಕು ಜನ ಅತಿಥಿಗಳನ್ನು ಕೂರಿಸಿಕೊಂಡು ಕಟ್ಟೆಯ ಮೇಲೆ ಮಾತಾಡುತ್ತಿದ್ದರು. ಹಿಂದಿನ ದಿನ ಅವರಿಗೆ ಮಗ ಹುಟ್ಟಿದ್ದ. ಆಕೆ ರಸ್ತೆಯಿಂದಲೇ ಕೂಗಿದಳು:

“ಗುರುಗಳ, ಕೂಸು ಹೇತೈತೇನ್ರಿ?”

ಗುರುಗಳು ತಲೆ ತಗ್ಗಿಸಿ, “ಶೌಚ ಆಗಿದೆಯಂತೆ” ಎಂದರು.

“ಯಾ ಬಣ್ಣ?”

“ಅದನ್ನ ಒಳಗ ಹೆಣ್ಣಮಕ್ಕಳನ್ನ ಕೇಳ್ರಿ ಬಾಯಿಯವರ.”

“ಕೂಸು ಹೆಣ್ಣಮಕ್ಕಳದ ಅಷ್ಟ ಐತೇನು? ನೀವೂ ನೋಡ್ರಿ. ಕಾಕಂಬಿ ಹಂಗ ಕರ್ರಗ, ಅಂಟ ಅಂಟ ಇರಬೇಕು. ವಾಸನಿ ಇರೂದಿಲ್ಲ, ಹೆದರಬ್ಯಾಡ್ರಿ.”

ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ; ಸಕ್ಕರೆ ಕಾರ್ಖಾನೆಗಳ ಸೀಮೆಯ ಜನಕ್ಕೆ ಬೇರೆ ವಿವರಣೆ ಬೇಡ. ಕೂಸು ಗರ್ಭದಲ್ಲಿ ನುಂಗಿದ್ದೆಲ್ಲ ಕರುಳಿನಲ್ಲಿ ಕೂಡಿ ಆ ಬಣ್ಣಕ್ಕೆ ಬಂದಿರುತ್ತದೆ; ಅದು ಹೊಲಸಲ್ಲ, ಕಾಯಿಲೆಯೂ ಅಲ್ಲ, ಹುಟ್ಟಿದ ಒಂದು ಹಗಲು ಒಂದು ಇರುಳಿನೊಳಗೆ ತಾನಾಗಿ ಹೊರಬೀಳಬೇಕು ಎಂದು ಆಕೆ ಹೇಳುತ್ತಿದ್ದಳು. ತಾಯಿಯ ಮೊದಲ ದಪ್ಪ ಹಾಲೇ ಅದನ್ನು ಇಳಿಸುವ ಔಷಧ. ಹಾಲು ಕುಡಿದಂತೆ ಬಣ್ಣ ತಿರುಗುತ್ತದೆ. ಕಪ್ಪು ಹಸಿರಾಗಿ, ಹಸಿರು ಅರೆದ ಸಾಸಿವೆಯ ಹಳದಿಯಾಗಿ, ತೆಳ್ಳಗಾಗುತ್ತದೆ. ತೆಳ್ಳಗಾಯಿತೆಂದು ಭೇದಿಯ ಔಷಧ ಕೊಡಬೇಡಿ ಎಂದೂ ಹೇಳುತ್ತಿದ್ದಳು. ಸುಣ್ಣದಂತೆ ಬೆಳ್ಳಗಾದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಅಥವಾ ಮೊದಲ ದಿನ ಏನೂ ಬೀಳದಿದ್ದರೆ, ಪಂಚಾಂಗ ನೋಡದೆ ದವಾಖಾನೆಗೆ ಹೊರಡಬೇಕು.

ಇವನ್ನು ನಾನು ಆಕೆಯ ಮಾತಿನ ಮೇಲೆ ನಂಬಲಿಲ್ಲ. ಬದನೆಕಾಯಿಯ ವಿಷಯದಲ್ಲಿ ಆಕೆ ಹೇಗೆಂದು ನನಗೆ ಗೊತ್ತಿತ್ತಲ್ಲ. ಮಕ್ಕಳ ವೈದ್ಯರೊಬ್ಬರನ್ನು ಕೇಳಿದೆ, ಪುಸ್ತಕ ತರಿಸಿ ಓದಿದೆ. ಆಕೆ ಹೇಳಿದ್ದು ಸರಿಯಿತ್ತು.

ಔಡಲೆಣ್ಣೆಯದು ಬೇರೆಯೇ ಜಗಳ. ನಮ್ಮ ಕಡೆ ಕೂಸು ಹುಟ್ಟಿದ ಕೂಡಲೆ ಹೊಟ್ಟೆ ತೊಳೆಯಬೇಕೆಂದು ಬಟ್ಟಲಲ್ಲಿ ಎಣ್ಣೆ ಹಿಡಿದು ಅರಿವೆಯ ಬತ್ತಿ ಅದ್ದಿ ನಾಲಿಗೆಗೆ ಹಿಂಡುತ್ತಾರೆ. ಕೆಲವರು ಜೇನು ನೆಕ್ಕಿಸುತ್ತಾರೆ, ಬೆಲ್ಲದ ನೀರು ಹನಿಸುತ್ತಾರೆ. ಆಕೆ ಎಣ್ಣೆಯ ಬಟ್ಟಲು ಕಂಡರೆ ಕಸಿದು ಹೇಳುತ್ತಿದ್ದಳು: “ಎಣ್ಣಿ ಬೇಕಂದ್ರ ಕೂಸಿನ ಕುಂಡಿಗಿ ಹಚ್ರಿ, ಬಾಯಿಗಲ್ಲ. ಕುಂಡಿಗಿ ಹಚ್ಚಿದ್ರ ಆ ಕಾಕಂಬಿ ಒರಸಾಕ ಹಗೂರ ಆಕ್ಕೈತಿ. ಬಾಯಿಗಿ ಹಾಕಿದ್ರ ಪುಪ್ಪಸಕ್ಕ ಇಳಿತೈತಿ.” ಮುದುಕಿಯರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ.

ಆಕೆ ತಪ್ಪಿದ್ದೂ ಉಂಟು. ಅದನ್ನು ಬರೆಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಊರ ಗೌಡರ ಮೊಮ್ಮಗ ಹುಟ್ಟಿ ಒಂದು ದಿನ ಕಳೆದರೂ ಮಲ ಬೀಳಲಿಲ್ಲ. ಆಕೆ ಹಟ ಹಿಡಿದು ಟೆಂಪೊ ತರಿಸಿ, ತಾಯಿ ಕೂಸು ಇಬ್ಬರನ್ನೂ ಏರಿಸಿ, ಗೌಡರನ್ನೂ ಕೂರಿಸಿ ಗೋಕಾಕಕ್ಕೆ ಹೊರಡಿಸಿದಳು. ಗೋಕಾಕ ಇನ್ನೂ ಮೂರು ಹರದಾರಿ ಇರುವಾಗ, ಗೌಡರ ಬಿಳಿ ಧೋತರದ ಮೇಲೆ ಕೂಸು ಧಾರಾಳವಾಗಿ ಹೇತಿತು. ಆಕೆ ಬಗ್ಗಿ ನೋಡಿ ಡ್ರೈವರನಿಗೆ, “ಗಾಡಿ ಹೊಳ್ಳಸಪಾ, ಕೆಲಸ ಆತು” ಎಂದಳು. ಗೌಡರು ಧೋತರ ಎತ್ತಿ ಹಿಡಿದುಕೊಂಡೇ ಊರಿಗೆ ಬಂದರು. ಮುಂದೆ ಬಹಳ ಕಾಲ ಚಾವಡಿಯಲ್ಲಿ ಇದೇ ಚಾಷ್ಟಿ: “ನರ್ಸಬಾಯಿ ಕೂಸ್ನ ಹೇಲಸಾಕ ಗೋಕಾಕಕ್ಕ ಒಯ್ತಾಳು. ನಮ್ಮೂರ ಮಣ್ಣ ನಡಿಯಂಗಿಲ್ಲ.” ನಾನು ಆಗ ಕೇಳಿದೆ, “ಬಾಯಿ, ಇಷ್ಟು ಅವಸರ ಬೇಕಿತ್ತೇನು?” ಆಕೆ ಅಂದಳು, “ಹೇತ ಕೂಸ್ನ ಒಯ್ದ್ರ ನಗತಾರ. ಹೇಲದ ಕೂಸ್ನ ಮನ್ಯಾಗ ಇಟಗೊಂಡ್ರ ಅಳತಾರ. ನಗಲಿ ಬಿಡ್ರಿ.”

ಅದು ಹೇಳಲು ಸುಲಭದ ಮಾತು. ಊರ ನಗೆ ಆಕೆಯ ಮೇಲಷ್ಟೇ ಬೀಳಲಿಲ್ಲ; ಆಕೆಯ ಮಾತು ಕೇಳಿದ ಮನೆಯ ಮೇಲೂ ಬಿತ್ತು. ಗೌಡರ ಮನೆಯ ಧೋತರವನ್ನು ಊರು ಮರೆಯದಿದ್ದ ಆ ಕಾಲದಲ್ಲಿಯೇ ನಮ್ಮ ಬಾಜೂ ಮನೆಯಲ್ಲಿ ಗಂಡು ಕೂಸು ಹುಟ್ಟಿತು. ಮೇಲೆ ಹೇಳಿದ ಮಾತಿನ ಕೂಸು ಅದೇ.

ಆ ಮನೆಯ ಹಿರಿಯಾಕೆಯನ್ನು ನಾನು ವೈನಿ ಎನ್ನುತ್ತೇನೆ. ಬಾಣಂತಿ ಆಕೆಯ ಮಗಳು. ಇಷ್ಟಲಿಂಗ ಕಟ್ಟಿದ ಮನೆ. ಹುಟ್ಟಿನಿಂದ ಮೇಲು ಕೀಳು ಇಲ್ಲವೆಂಬ ಶರಣರ ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮನೆ. ನನ್ನ ಮನೆಯೂ ಅಂಥದ್ದೇ ಆದ್ದರಿಂದ ಹೇಳುವ ಹಕ್ಕು ನನಗಿದೆ. ನರ್ಸಬಾಯಿಗೆ ಆ ಮನೆಯಲ್ಲಿ ಪಡಸಾಲೆಯವರೆಗೆ ಪ್ರವೇಶ. ಚಹ ಕೊಡುತ್ತಿದ್ದರು, ಬೇರೆ ಕಪ್ಪಿನಲ್ಲಿ. ಬಾಣಂತಿಯ ಕೋಣೆ ಒಳಗೆ, ಅಡುಗೆಮನೆ ದಾಟಿ. ಅಲ್ಲಿಗೆ ಆಕೆ ಹೋಗುವಂತಿರಲಿಲ್ಲ. ಹೆರಿಗೆ ಮಾಡಿಸಿದ್ದು ಓಣಿಯ ಮುದುಕಿ.

ಮಾರನೆಯ ದಿನ ಸಂಜೆ ಆಕೆ ಪಡಸಾಲೆಯಲ್ಲಿ ನಿಂತು ತನ್ನ ಪ್ರಶ್ನೆ ಕೇಳಿದಳು. ಇನ್ನೂ ಇಲ್ಲ ಎಂದರು. ಕೂಸನ್ನು ಹೊರಗೆ ತನ್ನಿ ಎಂದಳು. ಶೆಟಗೆವ್ವ ಹಣೆಬರಹ ಬರೆಯುವ ಐದನೆಯ ದಿನದ ಪೂಜೆಯಾಗುವವರೆಗೆ ಕೂಸು ಹೊಸ್ತಿಲು ದಾಟುವಂತಿಲ್ಲ, ಕೋಣೆಯಿಂದಲೇ ಹೊರಗೆ ತರುವಂತಿಲ್ಲ ಎಂದರು.

“ಹಂಗಾರ ಮುಂಜಾನಿ ಬರತೇನಿ,” ಎಂದಳು. “ಅಷ್ಟರಾಗ ಆಗಿದ್ರ ಅರಿವಿ ತೋರಸ್ರಿ. ಆಗಿರದಿದ್ರ ಶೆಟಗೆವ್ವಗ ನಾ ಉತ್ತರಾ ಕೊಡತೇನಿ, ಕೂಸ್ನ ಒಯ್ಯೂದ ಒಯ್ಯೂದು.”

ಮುಂಜಾನೆ ನಾನು ಅವರ ಕಟ್ಟೆಯ ಮೇಲಿದ್ದೆ. ವೈನಿ ಒಳಗಿನಿಂದ ಮಡಚಿದ ಹಳೆಯ ಧೋತರದ ತುಂಡೊಂದನ್ನು ತಂದು ಪಡಸಾಲೆಯ ಅಂಚಿಗೆ ಇಟ್ಟಳು. ನರ್ಸಬಾಯಿ ಬಿಡಿಸಿ ನೋಡಿದಳು. ಕರ್ರಗೆ, ಅಂಟಂಟಾಗಿ, ಅಂಗೈಯಗಲ ಕಲೆ. ಆಕೆಯ ಮುಖ ಸಡಿಲಾಯಿತು.

“ಆತಲ್ಲ ಅವ್ವಾರ. ಇನ್ನ ಹಾಲ ಕುಡಸ್ರಿ, ಎಣ್ಣಿ ಗಿಣ್ಣಿ ಹಾಕಬ್ಯಾಡ್ರಿ.”

“ಯಾಕ ಹಾಕೂನವಾ,” ಎಂದಳು ವೈನಿ.

ಆಕೆ ಆ ದಿನ ಚುಚ್ಚುಮದ್ದು ಹಾಕಲು ಹಿಡಕಲ್ ಕಡೆಗೆ ಹೋದಳು. ಊರು ಹೇಳುವ ಕತೆ ಇಲ್ಲಿಗೆ ನಿಲ್ಲುತ್ತದೆ: ಬಾಯಿ ನೋಡಿದಳು, ಸರಿಯಿದೆ ಎಂದಳು, ಎಣ್ಣೆ ಬೇಡವೆಂದಳು. ಇಷ್ಟು ನಿಜ. ನಿಜದ ಒಂದು ತುಂಡನ್ನು ಹರಿದು ತೋರಿಸಿದರೆ ಅದು ಸುಳ್ಳಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಮರುದಿನ ಬೆಳಗಾಗುವಷ್ಟರಲ್ಲಿ ಕೂಸಿನ ಹೊಟ್ಟೆ ಹಲಗೆಯ ಚರ್ಮದಂತೆ ಬಿಗಿದಿತ್ತು. ಹಾಲು ಹಿಡಿಯುತ್ತಿರಲಿಲ್ಲ. ಬಾಯಿಂದ ಹಸಿರು ಬಂತು. ನರ್ಸಬಾಯಿಯನ್ನು ಕರೆಸಿದರು, ಆಕೆ ಯಾರನ್ನೂ ಕೇಳದೆ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಆ ಹೊತ್ತಿನಲ್ಲಿ ಯಾರೂ ತಡೆಯಲಿಲ್ಲ. ಜೀಪಿನಲ್ಲಿ ವೈನಿ, ನರ್ಸಬಾಯಿ, ಡಾಕ್ಟರ ಮುಂದೆ ಮಾತಾಡಲು ನಾನು. ಹಸಿ ಬಾಣಂತಿಯನ್ನು ಮನೆಯಲ್ಲೇ ಬಿಟ್ಟೆವು. ಗೋಕಾಕದಲ್ಲಿ ನೋಡಿದವರು ನಿಲ್ಲಬೇಡಿ, ನೇರವಾಗಿ ಬೆಳಗಾವಿಗೆ ಹೋಗಿ ಎಂದರು. ದಾರಿಯುದ್ದಕ್ಕೂ ವೈನಿ ಕೂಸಿನ ಮುಖ ನೋಡುತ್ತಿರಲಿಲ್ಲ, ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಿದ್ದಳು. ದುಃಖಕ್ಕೆ ಹಾಗಾಗಿರಬೇಕೆಂದು ನಾನು ತಿಳಿದೆ.

ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ವಯಸ್ಸಿನ ಡಾಕ್ಟರೊಬ್ಬರು ಹೊಟ್ಟೆ ಮುಟ್ಟಿ ನೋಡಿ ಕೇಳಿದರು: “ಹುಟ್ಟಿದ ಮೇಲೆ ಕಪ್ಪು ಮಲ ಹೋಗಿತ್ತೋ?”

“ಹೋಗೇತ್ರಿ ಸರ್,” ಎಂದಳು ನರ್ಸಬಾಯಿ. “ನಾ ಸ್ವತಾ ಅರಿವಿ ನೋಡೇನಿ.”

ಡಾಕ್ಟರು ಕೂಸಿನ ಹೊಟ್ಟೆಯ ಮೇಲೆ ಮತ್ತೊಮ್ಮೆ ಕೈಯಿಟ್ಟರು. ಹಾಗಿದ್ದರೆ ಇದು ಸೋಂಕಿನಿಂದ ಆದ ಉಬ್ಬರ ಇರಬಹುದು, ಸಲೈನ್ ಹಚ್ಚಿ ಔಷಧ ಕೊಟ್ಟು ಕಾದು ನೋಡೋಣ ಎಂದರು. ಹಾಗೆಂದು ಹೇಳಿ ಅವರು ತಿರುಗಿ ನಾಲ್ಕು ಹೆಜ್ಜೆ ಹೋಗಿದ್ದರು.

“ಹೇತಿಲ್ರಿ,” ಎಂದಳು ವೈನಿ.

ಡಾಕ್ಟರು ನಿಂತರು. ನರ್ಸಬಾಯಿ ವೈನಿಯ ಕಡೆಗೆ ತಿರುಗಿದಳು.

“ಕೂಸು ಹುಟ್ಟಿದಾಗಿಂದ ಹೇತಿಲ್ರಿ. ಅದು ಕಾಡಗಿ. ದೀಪದ ಮಸಿಗೆ ಔಡಲೆಣ್ಣಿ ಕಲಸಿ ನಾನ ಹಚ್ಚಿದೆ. ಗೌಡರ ಮನಿಯಾವರಿಗೆ ನಕ್ಕಂಗ ನಮಗೂ ನಗತಾರಂತ... ಶೆಟಗೆವ್ವ ಬರೂಕಿಂತ ಮೊದಲ ಕೂಸು ಹೊರಗ ಹೋಗತೈತಂತ...”

ಮಾತು ಅಲ್ಲಿಗೇ ಕಡಿಯಿತು. ಹಣೆಗೆ ಬೊಟ್ಟಿಡಲು ಪ್ರತಿ ಬಾಣಂತಿಯ ಮನೆಯಲ್ಲೂ ಕಾಡಿಗೆ ಮಾಡುತ್ತಾರೆ. ಕೂಸಿನ ತಲೆದೆಸೆಯಲ್ಲಿದ್ದ ಅದೇ ಬಟ್ಟಲಿನಿಂದ ವೈನಿ ಎರಡು ಬೆರಳು ತೆಗೆದು ಧೋತರಕ್ಕೆ ಒರೆಸಿದ್ದಳು. ಕೂಸನ್ನೇ ಕಂಡಿದ್ದರೆ ನರ್ಸಬಾಯಿ ಮೋಸಹೋಗುತ್ತಿರಲಿಲ್ಲ. ಆಕೆ ಕಂಡದ್ದು ಪಡಸಾಲೆಯ ಅಂಚಿಗೆ ಬಂದ ಅರಿವೆಯನ್ನು.

ಬಯ್ಯುತ್ತಾಳೆಂದು ನಾನು ಕಾದೆ. ಆಕೆಯ ಬಾಯಿ ಎಂಥದ್ದೆಂದು ಬಲ್ಲೆ. ಆಕೆ ಬಯ್ಯಲಿಲ್ಲ. ತನ್ನ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಏರಿಳಿತವಿಲ್ಲದ ದನಿಯಲ್ಲಿ ಕೇಳಿದಳು:

“ಬಾಯಿಗೂ ಎಣ್ಣಿ ಹಾಕೀರೇನು?”

“ನೀ ಹೋದ ಮ್ಯಾಲ. ಎರಡ ಸಲ.”

“ಅದನ್ನೂ ಸಾಹೇಬರಿಗೆ ಹೇಳ್ರಿ.”

ವೈನಿ ಅದನ್ನೂ ಹೇಳಿದಳು. ಕಾದು ನೋಡುವ ಮಾತು ಅಲ್ಲಿಗೆ ನಿಂತಿತು. ಕರುಳಿನ ಕೊನೆಯ ಒಂದಷ್ಟು ಭಾಗದಲ್ಲಿ ನರಗಳೇ ಬೆಳೆದಿರಲಿಲ್ಲವೆಂದು ಮುಂದಿನ ಪರೀಕ್ಷೆಗಳಲ್ಲಿ ಗೊತ್ತಾಯಿತು. ಅಂಥ ಕರುಳು ಮಲವನ್ನು ಮುಂದೆ ತಳ್ಳುವುದಿಲ್ಲ; ಬಂದದ್ದು ಅಲ್ಲಿಯೇ ನಿಲ್ಲುತ್ತದೆ. ಇದು ಗರ್ಭದಲ್ಲಿಯೇ ಆದದ್ದು. ಎಣ್ಣೆ ಹಾಕಿದರೂ ಆಗುತ್ತಿತ್ತು, ಬಿಟ್ಟರೂ ಆಗುತ್ತಿತ್ತು. ವಾಸ್ತವದಲ್ಲಿ ಹಾಕಿದ್ದರು. ಹೊಟ್ಟೆ ಕೊಯ್ದು, ಸದ್ಯಕ್ಕೆ ಮಲ ಹೋಗಲು ಹೊಟ್ಟೆಯ ಮೇಲೆಯೇ ಒಂದು ದಾರಿ ಮಾಡಿದರು. ಇನ್ನೊಂದು ದಿನ ಕಳೆದಿದ್ದರೆ ಕರುಳು ಒಡೆಯುತ್ತಿತ್ತು ಎಂದರು. ಕೂಸು ಉಳಿಯಿತು.

ಊರಿಗೆ ಮರಳುವಾಗ ಜೀಪು ಹತ್ತುವ ಮೊದಲು ನರ್ಸಬಾಯಿ ನನ್ನನ್ನು ಬದಿಗೆ ಕರೆದಳು.

“ಕಾಕಾ, ಕಾಡಗಿ ವಿಷಯ ಊರಾಗ ಬ್ಯಾಡ.”

“ಯಾಕ?”

“ಆಕಿಗೆ ಇನ್ನೂ ಇಬ್ಬರು ಹೆಣ್ಣಮಕ್ಕಳ ಬಾಣಂತನಾ ಮಾಡೂದೈತಿ. ನಾಳೆ ಅಳಿಯಂದ್ರು ಕೂಸ್ನ ಆಕಿ ಕೈಯಾಗ ಕೊಡಂಗಿಲ್ಲ. ನನಗೇನು, ನಾ ಸರಕಾರದ ಪಗಾರದಾಕಿ. ಬೈಸಗೊಂಡ್ರ ಪಗಾರ ಕಡಿಮಿ ಆಗಂಗಿಲ್ಲ.”

ನಾನು ಒಪ್ಪಲಿಲ್ಲ. ಹಿಟ್ಟಿನ ಗಿರಣಿಯಲ್ಲಿ, ಚಾವಡಿಯಲ್ಲಿ, ಕೇಳಿದವರಿಗೆಲ್ಲ ಕಂಡದ್ದನ್ನು ಕಂಡಂತೆ ಹೇಳಿದೆ. ಅದು ತಿಳಿದು ಆಕೆ ನನ್ನೊಡನೆ ಮಾತು ಬಿಟ್ಟಳು. ಆದರೆ ಆಕೆ ಹೆದರಿದಂತೆ ಏನೂ ಆಗಲಿಲ್ಲ, ಏಕೆಂದರೆ ಯಾರೂ ನನ್ನನ್ನು ನಂಬಲಿಲ್ಲ. “ಕಾಕಾ ಆಕಿ ಮನ್ಯಾಗ ಚಾ ಕುಡಿಯಾಂವ, ಆಕಿ ಕಡೆ ಮಾತಾಡತಾನ” ಎಂದರು. ಆಕೆಯ ಮನೆಯಲ್ಲಿ ನಾನು ಚಹ ಕುಡಿಯುತ್ತಿದ್ದುದು ನಿಜ. ಅದು ಸಾಕ್ಷ್ಯವನ್ನು ಹೇಗೆ ಕೆಡಿಸುತ್ತದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಹೊಟ್ಟೆಯ ಮೇಲಿನ ಆ ದಾರಿಯನ್ನು ತೊಳೆಯುವುದು, ಸುತ್ತಲಿನ ಚರ್ಮ ಹುಣ್ಣಾಗದಂತೆ ನೋಡುವುದು, ಅರಿವೆ ಕಟ್ಟುವುದು ದಿನದ ಕೆಲಸವಾಯಿತು. ಬಾಣಂತಿಗೆ ಮುಟ್ಟಲು ಧೈರ್ಯ ಬರುತ್ತಿರಲಿಲ್ಲ. ಕೂಸಿನ ಅಪ್ಪ ನೋಡಲಾರದೆ ಹೊರಗೆ ಹೋಗುತ್ತಿದ್ದ. ನರ್ಸಬಾಯಿ ದಿನಾ ಬೆಳಿಗ್ಗೆ ಬಂದು, ಅಡುಗೆಮನೆ ದಾಟಿ, ಒಳಕೋಣೆಯಲ್ಲಿ ಕೂತು ಮಾಡಿಕೊಡುತ್ತಿದ್ದಳು, ಕಲಿಸುತ್ತಿದ್ದಳು. “ಇದಕ ಅಸಹ್ಯ ಪಡಬ್ಯಾಡವಾ. ಬಾಗಲಾ ಬ್ಯಾರೆ ಆಗೈತಿ ಅಷ್ಟ, ಸಾಮಾನ ಅದ ಐತಿ” ಎಂದು ಆ ಹುಡುಗಿಯನ್ನು ಒಮ್ಮೆ ನಗಿಸಿದ್ದು ಗೋಡೆಯಾಚೆ ನನಗೆ ಕೇಳಿಸಿತ್ತು. ಆಕೆ ಒಳಗೆ ಹೋದದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ. ಚಹದ ಕಪ್ಪು ಮಾತ್ರ ಬಹಳ ದಿನ ಬೇರೆಯೇ ಇತ್ತು. ಮುಂದೆ ಮತ್ತೆ ಬೆಳಗಾವಿಗೆ ಒಯ್ದು, ಕೆಟ್ಟ ಭಾಗ ತೆಗೆಸಿ, ಕರುಳನ್ನು ಸರಿಯಾದ ದಾರಿಗೆ ಜೋಡಿಸಿದರು.

ಅಂದಿನಿಂದ ಆಕೆ ಯಾವ ಮನೆಯಲ್ಲೂ ಅರಿವೆ ನೋಡಲಿಲ್ಲ. “ಅರಿವಿ ಬ್ಯಾಡ, ಕೂಸು ತೋರಸ್ರಿ” ಎಂದು ಅಂಗಳದಲ್ಲಿ ನಿಂತುಬಿಡುತ್ತಿದ್ದಳು. ಮಡಿಯ ಮಾತು ತೆಗೆದರೆ, “ನಿಂದರತೇನಿ, ನನಗೇನ ಅವಸರಿಲ್ಲ” ಎಂದು ಕೊಡೆ ಬಿಚ್ಚಿಕೊಂಡು ಬಿಸಿಲಲ್ಲಿ ನಿಲ್ಲುತ್ತಿದ್ದಳು. ಕೂಸನ್ನು ಬೆಳಕಿಗೆ ಹಿಡಿದು, ಕಾಲೆತ್ತಿ, ಮಲದ್ವಾರ ಸರಿಯಾಗಿದೆಯೋ ಇಲ್ಲವೋ ಎಂಬುದರಿಂದ ಹಿಡಿದು ಎಲ್ಲವನ್ನೂ ತಾನೇ ನೋಡುತ್ತಿದ್ದಳು. ಇದನ್ನು ಊರು ಸೊಕ್ಕು ಎಂದಿತು. “ಒಂದ ಕೂಸಿನ ಹೊಟ್ಟಿ ಕೊಯ್ಸಿದಾಕಿ, ಈಗ ಎಲ್ಲಾ ಕೂಸಿನ ಕುಂಡಿ ನೋಡತಾಳ” ಎಂಬ ಮಾತನ್ನು ನಾನೇ ಕೇಳಿದ್ದೇನೆ. ಆಕೆಯೂ ಕೇಳಿದ್ದಳು. ನನ್ನೊಡನೆ ಮಾತು ಮತ್ತೆ ಕೂಡಿದ ಮೇಲೆ ಒಮ್ಮೆ ಹೇಳಿದಳು, “ನಾ ನೋಡಿದ್ದಂತೂ ಖರೇನ ಐತಲ್ರಿ ಕಾಕಾ. ಅರಿವಿ ನೋಡಿ ಕೂಸು ಚೊಲೊ ಐತಿ ಅಂದಾಕಿ ನಾನ. ಅಷ್ಟು ತಪ್ಪ ನಂದು.” ಆ ವಿಷಯ ಆಕೆ ಮತ್ತೆ ತೆಗೆಯಲಿಲ್ಲ.

ಇಷ್ಟನ್ನೂ ಗೋಕಾಕದ ಆ ಅಂಗಳದಲ್ಲಿ ಕಿರಾಣಿ ಅಂಗಡಿಯವರಿಗೆ ಹೇಳಿದೆ. ಅವರು ಕೊನೆಯವರೆಗೆ ಕೇಳಿ, “ನೀವು ಹೇಳತೀರಿ ಖರೆ. ಆದರ ಊರೆಲ್ಲಾ ಬ್ಯಾರೆ ಹೇಳತೈತಲ್ರಿ” ಎಂದರು.

“ಊರು ಕಂಡಿಲ್ಲ, ನಾನು ಕಂಡೇನಿ. ನನ್ನ ಮಾತೂ ನಂಬಬ್ಯಾಡ್ರಿ. ಕಾಡಗಿ ಹಚ್ಚಿದಾಕಿ ಇನ್ನೂ ಅದಾಳು. ನಡೀರಿ, ಆಕೀನ ಕೇಳೂಣು.”

ಒಬ್ಬರೇ ಬರಬೇಡಿ, ಎಣ್ಣೆ ಹಾಕುವವರು ನೀವಲ್ಲ, ಮನೆಯವರನ್ನೂ ಕರೆತನ್ನಿ ಎಂದೆ. ಬರಲಾರರೆಂದುಕೊಂಡಿದ್ದೆ. ಬಂದರು. ಮರುದಿನ ನಾವು ಮೂವರು ಬಸ್ಸಿನಲ್ಲಿ ಬೆಲ್ಲದ ಬಾಗೇವಾಡಿಗೆ ಹೋದೆವು. ವೈನಿ ಈಗ ಅಲ್ಲಿ ಕಿರಿಯ ಮಗಳ ಮನೆಯಲ್ಲಿದ್ದಾಳೆ. ವಯಸ್ಸು ಎಂಬತ್ತು ದಾಟಿದೆ. ಪಡಸಾಲೆಯ ಗೋಡೆಗೆ ಒರಗಿ ಕೂತು ಶೇಂಗಾ ಸುಲಿಯುತ್ತಿದ್ದಳು. ನರ್ಸಬಾಯಿ ತೀರಿದ ಸುದ್ದಿ ಹೇಳಿದೆ. ಸುಲಿಯುವ ಕೈ ನಿಂತು ಮತ್ತೆ ನಡೆಯಿತು. “ಹೋದ್ಳೇನು” ಎಂದಳು.

ಅಂಗಡಿಯವರ ಹೆಂಡತಿ ಸಂಕೋಚದಿಂದ ಮಾತು ಎತ್ತಿದಳು. “ಆಯಿ, ನಿಮ್ಮ ಮೊಮ್ಮಗ ಹುಟ್ಟಿದಾಗ ಎಣ್ಣಿ ಹಾಕಿರಲಿಲ್ಲಂತ, ಅದಕ್ಕ ಕರಳ ಕಟ್ಟಿತಂತ. ಖರೇನ್ರಿ?”

“ಯಾರಂದ್ರು? ಹಾಕಿದ್ದೆ. ಎರಡ ಸಲ ಹಾಕಿದ್ದೆ. ಅದರಿಂದ ಏನೂ ಇಳೀಲಿಲ್ಲ, ಹಸರ ವಾಂತಿ ಬಂತು.”

“ಮತ್ತ ನರ್ಸಬಾಯಿ ಅರಿವಿ ನೋಡಿ ಎಲ್ಲಾ ಚೊಲೊ ಐತಿ ಅಂದಿದ್ಳಂತ?”

“ಅದು ಕಾಡಗಿ. ನಾ ಹಚ್ಚಿದ್ದು. ಆ ಹೆಣ್ಣಮಗಳನ್ನ ಒಳಗ ಬಿಡಲಿಲ್ಲ, ಅರಿವಿ ಹೊರಗ ಒಯ್ದೆ.” ವೈನಿ ಒಂದು ಶೇಂಗಾ ಒಡೆದು ಕಾಳು ಬುಟ್ಟಿಗೆ ಹಾಕಿದಳು. “ಬೆಳಗಾವ್ಯಾಗ ನಾ ಬಾಯಿ ಬಿಡದಿದ್ರ ಕೂಸು ಹೋಗತಿತ್ತು. ಆಕಿ ಕೂಸ್ನ ಎತಗೊಂಡ ಹೋಗದಿದ್ರ ಬೆಳಗಾವೀನ ಕಾಣತಿರಲಿಲ್ಲ.”

“ಇಷ್ಟು ದಿನಾ ಊರಾಗ ಯಾಕ ಹೇಳಲಿಲ್ರಿ ಆಯಿ?”

ವೈನಿ ಕೈಯಲ್ಲಿದ್ದ ಸಿಪ್ಪೆಯನ್ನು ಬದಿಗೆ ಹಾಕಿದಳು.

“ಯಾರೂ ಕೇಳಾಕ ಬರಲಿಲ್ಲ ತಂಗಿ. ನೀನ ಮೊದಲನೇಯಾಕಿ.”

ಮರಳುವ ಬಸ್ಸಿನಲ್ಲಿ, ನಮ್ಮೂರು ಹತ್ತಿರವಾದಾಗ, ಅಂಗಡಿಯವರ ಹೆಂಡತಿ “ಕಾಕಾ, ಆ ಎಣ್ಣಿ ಹೊರಗ ಕುಂಡಿಗಿ ಹಚ್ಚಾಕ ನಡಿತೈತಿ ಅಂದ್ರಲ್ಲ?” ಎಂದು ಕೇಳಿದಳು. ಅಷ್ಟಕ್ಕೆ ನಡೆಯುತ್ತದೆ ಎಂದೆ. ಸಂಶಯವಿದ್ದರೆ ದವಾಖಾನೆಯ ಸಿಸ್ಟರನ್ನು ಕೇಳಿ ಎಂದೂ ಸೇರಿಸಿದೆ.

ಇದನ್ನು ಓದಿದವರು ನನ್ನನ್ನು ನಂಬಬೇಕಾಗಿಲ್ಲ. ಉಳಿದ ಆ ಕೂಸು ಈಗ ಮೂಡಲಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಕೇಳಿದರೆ ಅಂಗಿ ಎತ್ತಿ ಹೊಟ್ಟೆಯ ಗಾಯದ ಗುರುತು ತೋರಿಸುತ್ತಾನೆ, ಆದರೆ ಅವನಿಗೆ ಆ ದಿನಗಳ ನೆನಪಿರಲು ಸಾಧ್ಯವಿಲ್ಲ. ನೆನಪಿರುವವಳು ಬೆಲ್ಲದ ಬಾಗೇವಾಡಿಯಲ್ಲಿದ್ದಾಳೆ. ಬಸ್ಸಿಳಿದು ಶೇಂಗಾ ಸುಲಿಯುವ ಆಯಿಯ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಊಟದ ಹೊತ್ತು ಬಿಟ್ಟು ಹೋಗಬೇಕು. ಆಕೆಗೆ ಎಡಗಿವಿ ಕೇಳಿಸುವುದಿಲ್ಲ. ಬಲಕ್ಕೆ ಕೂತು ಕೇಳಬೇಕು.